ತುಪ್ಪಕ್ಕೆ ಅಡ್ಡ ಹಿಡಿದ ಕೈ

ಬೆಣ್ಣೆ ಕಾಯಿಸಿ ಇಳಿಸುವ ಮುನ್ನ ನಮ್ಮ ಅಜ್ಜಿ ಅದರೊಳಗೆ ಒಂದು ವೀಳ್ಯದೆಲೆ ಹಾಕುತ್ತಿದ್ದಳು. ಎಲೆ ಚುರುಗುಟ್ಟಿ ಸುರುಟಿಕೊಳ್ಳುವಾಗ ಏಳುವ ವಾಸನೆ ಸಿರಸಂಗಿಯ ನಮ್ಮ ಓಣಿಯ ತುದಿಯ ತನಕ ಬರುತ್ತಿತ್ತು. ಶಾಲೆ ಬಿಟ್ಟು ಬರುವಾಗ ಅದು ಮೂಗಿಗೆ ಬಡಿದರೆ ನಾನು ಓಡುತ್ತಿದ್ದೆ. ಗರಿಗರಿಯಾದ ಆ ಎಲೆಗೆ ಉಪ್ಪು ಉದುರಿಸಿ ಅಜ್ಜಿ ನನಗಾಗಿ ಎತ್ತಿಟ್ಟಿರುತ್ತಿದ್ದಳು.

ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೂ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿ ಅವಧಿಗೆ ಮೊದಲೇ ನಿವೃತ್ತಳಾದ ಮೇಲೂ, ನಾನು ವಾರಕ್ಕೊಮ್ಮೆ ಹಾಗೆಯೇ ಬೆಣ್ಣೆ ಕಾಯಿಸಿದೆ. ೧೯೯೮ರ ಫೆಬ್ರುವರಿಯಲ್ಲಿ ನಿಲ್ಲಿಸಿದೆ.

ನನ್ನ ಯಜಮಾನರು ನಿಜಗುಣಪ್ಪ. ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಜನ ಅವರನ್ನು ಬಲ್ಲದ್ದು ಲಗ್ನ ಕೂಡಿಸುವ ಹಿರಿಯರೆಂದು. ಗಂಡಿನ ಕಡೆಯವರು ಹುಡುಗಿ ನೋಡಲು ಹೊರಟರೆ ಇವರು ಜೊತೆಗಿರಬೇಕು. ಇವರು ಹೂಂ ಅಂದ ಸಂಬಂಧ ಕೆಡುವುದಿಲ್ಲವೆಂದು ಜನರ ನಂಬಿಕೆ.

ಹೂಂ ಅನ್ನುವುದು ಸುಲಭ. ಹುಡುಗಿಯ ಮನೆಯಲ್ಲೇ ಕುಳಿತು, ಅವಳ ತಂದೆಯ ಮುಖ ನೋಡಿ ಬೇಡ ಅನ್ನುವುದು ಅವರ ಕೈಲಾಗುತ್ತಿರಲಿಲ್ಲ. ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದರು. ಊಟಕ್ಕೆ ಕುಳಿತಾಗ ಅನ್ನದ ಮೇಲೆ ತುಪ್ಪ ಬಡಿಸಲು ಬರುತ್ತಾರಲ್ಲ, ಸಂಬಂಧ ಮನಸ್ಸಿಗೆ ಬಂದಿದ್ದರೆ ಕೈ ಹಿಂದಕ್ಕೆ ತೆಗೆದುಕೊಂಡು, ಬಡಿಸುವವರಿಗೆ ಸಾಕೆನಿಸುವ ತನಕ ಹಾಕಿಸಿಕೊಳ್ಳುವರು. ಬಾರದಿದ್ದರೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುವರು. ಅಷ್ಟೇ. ಯಾರೂ ಏನನ್ನೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಯಾವ ಹುಡುಗಿಯೂ ನಾಲ್ಕು ಜನರೆದುರು ಬೇಡ ಅನ್ನಿಸಿಕೊಳ್ಳಬೇಕಾಗಿರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಈ ಸಂಗತಿ ಆ ನಾಲ್ಕೂ ಕಡೆಗೆ ಗೊತ್ತಾಗಿತ್ತು. ತುಪ್ಪದ ಗಿಂಡಿ ಹೊರಗೆ ಬಂದ ಕೂಡಲೇ ಹೆಂಗಸರೆಲ್ಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಅವರ ಕೈಯನ್ನೇ ನೋಡುತ್ತಿದ್ದರಂತೆ.

ಆ ಫೆಬ್ರುವರಿಯಲ್ಲಿ ಅಂಗಡಿಯ ಮೆಟ್ಟಿಲು ಹತ್ತುವಾಗ ಎರಡು ಸಲ ಅವರಿಗೆ ಎದೆ ಬಿಗಿದಂತಾಯಿತು. ಬೆಳಗಾವಿಯ ಹೃದಯದ ಡಾಕ್ಟರ ಬಳಿ ಹೋದೆವು. ರಕ್ತದ ಚೀಟಿಯಲ್ಲಿ ಕೊಲೆಸ್ಟರಾಲ್ ೨೯೧ ಎಂದಿತ್ತು.

"ನಿಮ್ಮ ತಂದಿಯವರು ತೀರಿಕೊಂಡಾಗ ವಯಸ್ಸೆಷ್ಟಿತ್ರಿ?" ಎಂದರು ಡಾಕ್ಟರು.

"ಐವತ್ತೊಂದ್ರೀ. ಎದಿನೋವು ಅಂತ ಮಲಗಿದವ್ರು ಏಳಲಿಲ್ಲ."

"ನಿಮಗ?"

"ಐವತ್ತಾರು ನಡದಾವ್ರಿ."

"ಅಂದ್ರ ಇದು ಬರೇ ತುಪ್ಪದ ತಪ್ಪಲ್ರಿ, ಮನಿತನದಿಂದ ಬಂದದ್ದೂ ಐತಿ. ಊಟ ಬದಲಿ ಮಾಡ್ರಿ, ದಿನಾ ನಡೀರಿ. ಆದ್ರ ಅಷ್ಟಕ್ಕ ಇದು ಇಳಿಯೂದಿಲ್ಲ. ರಾತ್ರಿ ಉಂಡ ಮ್ಯಾಲೆ ಒಂದು ಗುಳಿಗಿ. ಒಂದ ದಿನಾನೂ ಬಿಡಬಾರದು. ಆರಾಮ ಅನಿಸಿದ್ರೂ ಬಿಡಬಾರದು."

ಬರುವಾಗ ಬಸ್ಸಿನಲ್ಲಿ ಅವರು ಡಾಕ್ಟರ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಇವತ್ತಿನಿಂದ ನಾ ನಿಮ್ಮ ಕ್ಲಾಸಿನ್ಯಾಗ. ಹೆಂಗ ಹೇಳ್ತೀರಿ ಹಂಗ," ಎಂದರು. ಶಾಲೆಯಲ್ಲಿ ಕಲಿಸಿದವಳೆಂದು ಊರೆಲ್ಲ ನನ್ನನ್ನು ಅಕ್ಕೋರ ಅಂತಲೇ ಕರೆಯುವುದು. ಅವರು ಹಾಗೆ ಕರೆದರೆ ಮಾತ್ರ ಅದರಲ್ಲಿ ನಗು ಇರುತ್ತಿತ್ತು. ಆ ದಿನ ನಗುವಿನ ಕೆಳಗೆ ಅಂಜಿಕೆಯೂ ಇತ್ತು.

ಮೂವತ್ತು ವರ್ಷ ಜೊತೆಗಿದ್ದ ಮನುಷ್ಯನಲ್ಲಿ ಹೊಸದೇನಿರುತ್ತದೆ ಎಂದುಕೊಂಡಿದ್ದೆ. ಆ ಐದು ತಿಂಗಳು ಅವರನ್ನು ನೋಡಿ ನಾನು ಬೆರಗಾದೆ. ರೊಟ್ಟಿಯ ಮೇಲಿನ ಬೆಣ್ಣೆ ಹೋಯಿತು. ಸಂಜೆಯ ಮಿರ್ಚಿ ಭಜಿ ಹೋಯಿತು. ಹಾಲಿನ ಕೆನೆ ಹೋಯಿತು. ಹೋದದ್ದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಪುಂಡಿಪಲ್ಲೆ, ಮೊಳಕೆ ಕಾಳು, ಹಸಿ ಮೆಂತ್ಯದ ಸೊಪ್ಪು, ಎರಡೇ ರೊಟ್ಟಿ. ಹೊಸ ಅಂಗಿ ಹೊಲಿಸಿಕೊಂಡವರ ಹಾಗೆ ಹೊಸ ಊಟವನ್ನು ಮೈಗೆ ಹೊಂದಿಸಿಕೊಂಡರು.

ಬೆಳಗಿನ ನಡಿಗೆಗೆ ಅವರಿಗೆ ದುರ್ಗಪ್ಪ ಜೊತೆಯಾದ. ಅವನು ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುವವನು. ಹನ್ನೆರಡು ತಾಸು ಉಪವಾಸವಿದ್ದು ರಕ್ತ ಕೊಡಬೇಕಲ್ಲ, ನನ್ನ ಯಜಮಾನರಿಗೆ ಹಸಿವೆ ತಡೆಯುವುದಿಲ್ಲವೆಂದು ತಿಳಿದು, ಡ್ಯೂಟಿಗೆ ಹೋಗುವ ಮೊದಲು ಬೆಳಿಗ್ಗೆ ಆರಕ್ಕೇ ಮನೆಗೆ ಬಂದು ಸೂಜಿ ಚುಚ್ಚಿ ಹೋಗುತ್ತಿದ್ದ. ಅದು ಅವನ ಕೆಲಸದ ಭಾಗವಲ್ಲ. ನಡೆಯುವಾಗಲೂ ಅಷ್ಟೇ. ಅವನದು ಬಿರುಸಿನ ಕಾಲು. ಇವರಿಗೆ ಏದುಸಿರು ಬಂತೆಂದು ಕಂಡರೆ ತನ್ನ ಚಪ್ಪಲಿಯೊಳಗೆ ಕಲ್ಲು ಹೊಕ್ಕಿದೆಯೆಂದು ನಿಂತುಬಿಡುವನು.

"ಏ ದುರ್ಗಪ್ಪ, ಬೈಲಹೊಂಗಲದ ಕಲ್ಲೆಲ್ಲಾ ನಿನ್ನ ಚಪ್ಲ್ಯಾಗ ಹೊಕ್ಕಾವಲ್ಲೋ," ಎಂದು ಇವರು ಒಮ್ಮೆ ಅಂದರು.

"ಏನ್ ಮಾಡೂದ್ರಿ ಸಾವುಕಾರ್ರ, ನನ್ನ ಚಪ್ಲಿಗೆ ನಿಮ್ಮ ಮ್ಯಾಲೆ ಭಾಳ ಪ್ರೀತಿ," ಎಂದ ಅವನು.

ಮೂರನೆಯ ವಾರ ಯಜಮಾನರ ಕಾಲಿನ ಮೀನಖಂಡ ನೋಯತೊಡಗಿತು. ಗುಳಿಗೆಯಿಂದಲೇ ಇರಬೇಕು, ನಿಲ್ಲಿಸಿಬಿಡುತ್ತೇನೆ ಎಂದು ಇವರು ಅಂದಾಗ ದುರ್ಗಪ್ಪ ಒಪ್ಪಲಿಲ್ಲ. "ನೀವ ಡಾಕ್ಟರ್ ಆಗಬ್ಯಾಡ್ರಿ. ಕೇಳೂಣು," ಎಂದು ಎಸ್‌ಟಿಡಿ ಬೂತಿಗೆ ಕರೆದುಕೊಂಡು ಹೋಗಿ ಬೆಳಗಾವಿಗೆ ಫೋನ್ ಹಚ್ಚಿಸಿದ. ಡಾಕ್ಟರು ಒಂದು ರಕ್ತ ಪರೀಕ್ಷೆ ಹೇಳಿದರು. ಅದು ಸರಿಯಿತ್ತು. ನೋವು ಬರೀ ಹೊಸ ನಡಿಗೆಯದ್ದಾಗಿತ್ತು.

ಇನ್ನೊಂದು ಸಂಗತಿಗೆ ಈಗಲೂ ನನಗೆ ನಗು ಬರುತ್ತದೆ. ಅಂಗಡಿಗೆ ಮಾಲು ಕೊಡುವ ಮುಂಬಯಿಯ ಏಜೆಂಟರು ಸುದ್ದಿ ತಿಳಿದು ಒಂದು ಬಾಟಲಿ ತಂದುಕೊಟ್ಟರು. ಒಳಗೆ ಬಂಗಾರದ ಬಣ್ಣದ ಕ್ಯಾಪ್ಸೂಲು. ರಕ್ತ ತಿಳಿಯಾಗುತ್ತದಂತೆ. ಇವರು ದಿನವೂ ಸ್ನಾನ, ಲಿಂಗಪೂಜೆ ಮುಗಿಸಿ ಒಂದೊಂದು ನುಂಗಿದರು. ಒಂಬತ್ತನೆಯ ದಿನ ನಾನು ಕನ್ನಡಕ ಹಾಕಿಕೊಂಡು ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿದೆ. ಮೀನಿನ ಎಣ್ಣೆ!

ಜನ್ಮದಲ್ಲಿ ತತ್ತಿಯನ್ನೂ ಮುಟ್ಟದ ಮನುಷ್ಯ ಬಾಟಲಿಯನ್ನು ದೂರ ಸರಿಸಿದರು. ಆಮೇಲೆ, "ಪಾಪ, ಅವ್ರು ಪ್ರೀತಿಲೆ ಕೊಟ್ಟಾರ. ಅವ್ರಿಗೆ ಹೇಳಬ್ಯಾಡ, ಮನಸಿಗೆ ಹಚ್ಕೋತಾರ," ಎಂದು ಎದ್ದು ಮತ್ತೊಮ್ಮೆ ಸ್ನಾನಕ್ಕೆ ಹೋದರು. ಮುಂದಿನ ಸಲ ಡಾಕ್ಟರನ್ನು ಕೇಳಿದೆವು. "ಅದು ಬ್ಯಾಡ್ರಿ. ನಿಮ್ಮನ್ಯಾಗ ಅಗಸಿ ಚಟ್ನಿ ಇಲ್ಲೇನು? ದಿನಾ ಎರಡು ಚಮಚೆ ತಿನ್ರಿ. ಆದ್ರ ಅಗಸಿ ಗುಳಿಗಿ ಜಾಗಾಕ್ಕ ಬರೂದಿಲ್ಲ, ಗುಳಿಗಿ ಜೋಡಿ ಇರತೈತಿ," ಎಂದರು. ಮೇ ತಿಂಗಳಲ್ಲಿ ದುರ್ಗಪ್ಪ ತಂದ ಚೀಟಿಯಲ್ಲಿ ೧೯೮ ಎಂದಿತ್ತು. ಬಾಗಿಲಲ್ಲೇ ನಿಂತು ಅದನ್ನು ಎರಡು ಸಲ ಓದಿದ.

ಅಷ್ಟು ದಿನ ಅವರು ಲಗ್ನದ ಕೆಲಸಕ್ಕೆ ಎಲ್ಲಿಗೂ ಹೋಗಿರಲಿಲ್ಲ. ಜೂನಿನಲ್ಲಿ, ಆಷಾಢ ಹಿಡಿಯಲು ಎರಡೇ ದಿನ ಇರುವಾಗ, ಕಿತ್ತೂರಿನ ಹತ್ತಿರದ ದೇಗಾಂವದಿಂದ ಮಲಕಾಜಪ್ಪ ಬಂದ. ಅವನ ಮಗ ಶ್ರೀಶೈಲನಿಗೆ ರಾಮದುರ್ಗದ ಕಡೆ ತೊರಗಲ್ಲದಲ್ಲಿ ಒಂದು ಹುಡುಗಿ ನೋಡಬೇಕಿತ್ತು. ಹೆಸರು ಶೈಲಜಾ, ಅದೇ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದಳು. ತಾಯಿ ಇಲ್ಲದ ಹುಡುಗಿ. ಅಜ್ಜಿ ರಾಚವ್ವ ಬೆಳೆಸಿದ್ದಳು. ಯಜಮಾನರು ಅವರ ಜೊತೆ ಹೋಗಿ ಸಂಜೆ ಹೊಳೆಯುವ ಮುಖದಿಂದ ತಿರುಗಿ ಬಂದರು.

"ಹುಡುಗಿ ಬಂಗಾರ ಐತಿ. ಹುಡುಗಗೂ ಮನಸಿಗೆ ಬಂದೈತಿ. ಆಷಾಢ ಕಳದು ಸುದ್ದಿ ಕಳಸೂಣು ಅಂತ ಮಲಕಾಜಪ್ಪಗ ಹೇಳೀನಿ," ಎಂದರು. ಆಮೇಲೆ ದನಿ ಇಳಿಸಿ, "ಇನ್ನೊಂದು ಕೇಳು. ಹೋಳಿಗಿ ಊಟ ಇತ್ತು. ಮುದುಕಿ ತುಪ್ಪದ ಗಿಂಡಿ ಹಿಡಕೊಂಡು ನನ್ನ ಮುಂದ ಬಂದ್ಲು. ನಾ ಏನ್ ಮಾಡಿದೆ ಹೇಳು?"

"ಏನ್ ಮಾಡಿದ್ರಿ?"

"ಕೈ ಅಡ್ಡ ಹಿಡದೆ! ಒಂದು ಹನಿ ಬೀಳಗೊಡಲಿಲ್ಲ."

ನಾನು ಕಾಲೇಜು ಓದಿದವಳು. ನಾಲ್ಕು ಜನರಿಗೆ ಬುದ್ಧಿ ಹೇಳಿದವಳು. ನನಗೂ ಹೊಳೆಯಲಿಲ್ಲ. ಶಹಬ್ಬಾಸ್ ಎಂದು ಅವರ ಬೆನ್ನು ತಟ್ಟಿದೆ. ಅವರ ಪಕ್ಕ ಕುಳಿತಿದ್ದ ಮಲಕಾಜಪ್ಪನಿಗೂ ತನ್ನ ಹೋಳಿಗೆಯ ಗುಂಗಿನಲ್ಲಿ ಅದು ಕಂಡಿರಲಿಲ್ಲ. ಕಂಡದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತವರಿಗೆ ಮಾತ್ರ.

ಆಷಾಢ ಮುಗಿಯಲು ಐದು ದಿನ ಇರುವಾಗ, ಒಂದು ಶನಿವಾರ ಬೆಳಿಗ್ಗೆ ದುರ್ಗಪ್ಪ ನಡಿಗೆಗೆ ಬಂದವನು ಅಂಗಳದಲ್ಲೇ ನಿಂತ. ಅವನ ತಂಗಿ ಮರೆವ್ವ ತೊರಗಲ್ಲದಲ್ಲಿ ಅಂಗನವಾಡಿ ನಡೆಸುತ್ತಿದ್ದಳು.

"ಸಾವುಕಾರ್ರ, ಸಿಟ್ಟಾಗಬ್ಯಾಡ್ರಿ. ಒಂದ ಮಾತು ಕೇಳತೇನಿ. ಆ ತೊರಗಲ್ಲದ ಟೀಚರ್ ಹುಡುಗಿ ನಿಮಗ ಯಾಕ ಮನಸಿಗೆ ಬರಲಿಲ್ರಿ?"

"ಬರಲಿಲ್ಲಂತ ಯಾರ ಹೇಳಿದ್ರು ನಿನಗ?"

"ಊರಿಗೂರ ಹೇಳಾಕತ್ತೈತಂತ್ರಿ. ಹಿರ್ಯಾರು ತುಪ್ಪಕ್ಕ ಕೈ ಅಡ್ಡ ಹಿಡದ್ರು ಅಂತ. ಹುಡುಗಿ ಯಾರ ಮುಂದೂ ಏನೂ ಅಂದಿಲ್ಲಂತ. ಮರೆವ್ವ ಹೇಳಿದ್ಲು, ಸಾಲಿ ಬಿಟ್ಟ ಮ್ಯಾಲೆ ಒಬ್ಬಾಕೀನ ಖೋಲ್ಯಾಗ ಕುಂತಿರತಾಳಂತ. ಶ್ರಾವಣದ ಮೊದಲನೇ ಸೋಮವಾರ ಬ್ಯಾರೆ ಕಡೆಯವರಿಗೆ ಮಾತು ಕೊಡತಾರಂತ್ರಿ. ಆ ವರಾ ಹುಡುಗಿಗಿ ಬ್ಯಾಡಾಗೈತಿ. ಆದ್ರ ಅಕಿ ಇಲ್ಲ ಅನ್ನೂ ಹಂಗಿಲ್ಲ."

ಯಜಮಾನರು ತಮ್ಮ ಬಲಗೈಯನ್ನೇ ನೋಡುತ್ತ ನಿಂತರು. ಬೇರೆ ಯಾರದೋ ಕೈ ಅನ್ನುವ ಹಾಗೆ.

"ಇಪ್ಪತ್ತು ವರ್ಷ ನಾನ ಕಲಿಸಿದ ಪಾಠ. ನಾನ ಮರತೆ," ಎಂದರು. ಹತ್ತು ನಿಮಿಷದಲ್ಲಿ ಟೊಪ್ಪಿಗೆ ಹಾಕಿಕೊಂಡು ಸಿದ್ಧರಾದರು.

"ಆಷಾಢದಾಗ ಲಗ್ನದ ಮಾತು ಆಡಬಾರದ್ರಿ. ಅವರು ಬಾಗಲದಾಗ ನಿಂದರಸ್ತಾರ," ಎಂದೆ.

"ಲಗ್ನದ ಮಾತು ಯಾರು ಆಡತಾರ? ಅವರ ಮನ್ಯಾಗ ಕುಂತು ಉಣ್ಣತೇನಿ. ತುಪ್ಪ ಹಾಕಿಸ್ಕೋತೇನಿ. ಹೂಂ ಅನ್ನಾಕ ನನಗಿರೂದು ಅದೊಂದ ದಾರಿ. ನೀನೂ ನಡಿ."

ಸವದತ್ತಿಯಲ್ಲಿ ಬಸ್ಸು ಬದಲಿಸಿ ಕುಳಿತ ಮೇಲೆ ನಾನು ಮೆಲ್ಲಗೆ ಕೇಳಿದೆ. "ಹಳೀ ಕಾಲದ ಮುದುಕಿ, ಕೈ ಧಾರಾಳ ಇರತೈತಿ. ಗಿಂಡಿ ಪೂರಾ ಸುರದ್ರ?"

"ಸುರೀಲಿ. ಒಂದ ದಿನ ಉಂಡ್ರ ಸಾಯಂಗಿಲ್ಲ. ಡಾಕ್ಟರಿಗೆ ನಾನ ಹೇಳತೇನಿ." ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಆದ್ರ ಖರೇ ಹೇಳಲೇನು? ನನಗ ಅಂಜಿಕಿ ತುಪ್ಪದ್ದಲ್ಲ. ಇವತ್ತು ಬಾಯಿಗೆ ಹತ್ತಿದ್ರ ನಾಳೆ ಸವದತ್ತ್ಯಾಗ, ನಾಡದ ಕಿತ್ತೂರಾಗ. ಎಲ್ಲಾರ ಮನ್ಯಾಗೂ ಒಂದೊಂದ ದಿನ ಅಂತ. ಅದು ಅಂಜಿಕಿ," ಎಂದರು.

ಐದು ತಿಂಗಳು ತುಪ್ಪದ ವಿರುದ್ಧ ನಾನು ಕಾವಲಿದ್ದವಳು. ಆ ದಿನ ಬೇಡ ಅನ್ನಲು ನನ್ನಿಂದಲೂ ಆಗಲಿಲ್ಲ. ಖಾಲಿ ಶಾಲೆಯ ಕೋಣೆಯಲ್ಲಿ ಒಬ್ಬಳೇ ಕುಳಿತ ಹುಡುಗಿ ಕಣ್ಣೆದುರಿಗೆ ಬರುತ್ತಿದ್ದಳು.

ರಾಚವ್ವನ ಮನೆ ಕೋಟೆಯ ಬುಡದಲ್ಲಿತ್ತು. ಹೊರಗೆ ಕಟ್ಟೆಯ ಮೇಲೆ ಅವಳ ಮಗ, ಶೈಲಜಾಳ ತಂದೆ ಮುದಕಪ್ಪ ಕುಳಿತಿದ್ದ. ನಮ್ಮನ್ನು ಕಂಡು ಏಳಲಿಲ್ಲ.

"ಏನ್ ಹಿರ್ಯಾರ, ದಾರಿ ತಪ್ಪಿ ಬಂದ್ರೇನ?"

"ಇಲ್ಲೋ ತಮ್ಮಾ. ಹಸಿವ್ಯಾಗೈತಿ. ಉಣ್ಣಾಕ ಬಂದೀನಿ."

"ನಮ್ಮನಿ ಊಟ ನಿಮಗ ಸೇರಂಗಿಲ್ಲ ಅಂತ ಊರಿಗೆಲ್ಲಾ ಗೊತ್ತಾಗೈತಲ್ರಿ."

ಯಜಮಾನರು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಉಣ್ಣಲು ಬಂದವರನ್ನು ಏಳಿ ಅನ್ನುವ ಮನೆ ನಮ್ಮ ಕಡೆ ಇಲ್ಲ. ಮುದಕಪ್ಪನೇ ಒಳಗೆ ಹೋಗಿ ತಂಬಿಗೆ ನೀರು ತಂದಿಟ್ಟ. ನಾನು ಅಡುಗೆಮನೆಗೆ ಹೋದೆ.

ರಾಚವ್ವ ಎಪ್ಪತ್ತೈದು ದಾಟಿದವಳು. ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಶೈಲಜಾ ಒಲೆಯ ಪಕ್ಕದಲ್ಲಿ ಕುಳಿತು ಉರಿ ಸರಿ ಮಾಡುತ್ತಿದ್ದಳು. ತೆಳ್ಳಗಿನ ಮುಖ, ಬೆರಳ ತುದಿಯಲ್ಲಿ ಇನ್ನೂ ಸೀಮೆಸುಣ್ಣ. ನಾನು ಚೀಲದಿಂದ ಗುಳಿಗೆಯ ಪಟ್ಟಿ ಮತ್ತು ಫೆಬ್ರುವರಿಯದೊಂದು, ಮೇ ತಿಂಗಳದೊಂದು ಚೀಟಿ ತೆಗೆದು ಅವಳ ಕೈಗಿಟ್ಟೆ. ಲಗ್ನದ ಮಾತು ಆಡುವಂತಿರಲಿಲ್ಲ. ಬೇನೆಯ ಮಾತಿಗೆ ಆಷಾಢದ ಅಡ್ಡಿಯಿಲ್ಲ.

"ಇವು ನಮ್ಮನಿಯವರ ರಕ್ತದ ಚೀಟಿ, ತಂಗೀ. ಫೆಬ್ರುವರಿಯಿಂದ ನಮ್ಮ ಮನ್ಯಾಗ ತುಪ್ಪ ಕಾಸಿಲ್ಲ. ಡಾಕ್ಟರ್ ಬ್ಯಾಡ ಅಂದಾರ. ಅವತ್ತ ಕೈ ಅಡ್ಡ ಬಂದದ್ದು ಅದಕ್ಕ. ಬ್ಯಾರೆ ಯಾವುದಕ್ಕೂ ಅಲ್ಲ."

ಶೈಲಜಾ ಮೊದಲ ಚೀಟಿ ಓದಿದಳು, ಆಮೇಲೆ ಎರಡನೆಯದು. ಮುಖ ಕೆಂಪಾಯಿತು. ಅಜ್ಜಿಯ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಏನೋ ಹೇಳಿದಳು. ರಾಚವ್ವನ ಕೈ ರೊಟ್ಟಿಯ ಮೇಲೆ ನಿಂತಿತು.

"ಎದಿ ಬ್ಯಾನಿ ಅಂತೀರೇನ್ರಿ?"

"ಆಗಬಾರದಂತ ಗುಳಿಗಿ ತಗೋತಾರ್ರಿ. ರಾತ್ರಿ ಉಂಡ ಮ್ಯಾಲೆ ಒಂದು."

"ನಮ್ಮನಿಯವರು ಕಣದಾಗ ಕುಂತಾವ್ರು ಕುಂತಂಗ ಹ್ವಾದ್ರು. ಐವತ್ತೆಲ್ಡು ವರ್ಷಕ್ಕ. ಅವತ್ತ ಮುಂಜಾನಿ ನಾನ ಈ ಕೈಲೆ ರೊಟ್ಟಿ ಮ್ಯಾಲೆ ಬೆಣ್ಣಿ ಇಟ್ಟು ಕೊಟ್ಟಿದ್ದೆ." ಅವಳು ಹಿಟ್ಟಿನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಬೆಳಿಗ್ಗೆ ಯಜಮಾನರು ತಮ್ಮ ಕೈ ನೋಡಿಕೊಂಡ ಹಾಗೆಯೇ.

ನಾನು ಅವಳ ಪಕ್ಕದಲ್ಲಿ ಕುಳಿತೆ. "ಒಂದು ಬೆಣ್ಣಿ ಮುದ್ದಿಯಿಂದ ಯಾರೂ ಹೋಗಂಗಿಲ್ರಿ ಯವ್ವಾ. ಅದು ಒಳಗ ವರ್ಷಗಟ್ಟಲೆ ಕಟ್ಟಿರತೈತಿ. ಆಗ ಯಾರಿಗೂ ಗೊತ್ತಿರಲಿಲ್ಲ. ನೀವು ಪ್ರೀತಿ ಕೊಟ್ರಿ ಅಷ್ಟ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಆ ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಪಡಸಾಲೆಯಲ್ಲಿ ತಾಟು ಬಂತು. ಅಷ್ಟು ಹೊತ್ತಿಗೆ ಓಣಿಯ ಇಬ್ಬರು ಹಿರಿಯರೂ ಸುದ್ದಿ ತಿಳಿದು ಬಂದು ಕುಳಿತಿದ್ದರು. ರೊಟ್ಟಿ, ಪಲ್ಲೆ ಮುಗಿದು ಅನ್ನ ಬಡಿಸಿದರು. ರಾಚವ್ವ ಹಿತ್ತಾಳೆಯ ಗಿಂಡಿ ಹಿಡಿದು ಹೊರಗೆ ಬಂದಳು. ಬೆಚ್ಚಗಿನ ತುಪ್ಪದಲ್ಲಿ ವೀಳ್ಯದೆಲೆಯ ವಾಸನೆ ಇತ್ತು. ಐದು ತಿಂಗಳಾಗಿತ್ತು ನನಗೆ ಆ ವಾಸನೆ ಸಿಕ್ಕು.

ಯಜಮಾನರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಎಲ್ಲರಿಗೂ ಕಾಣುವ ಹಾಗೆ. ಮುದಕಪ್ಪ ಮುಂದಕ್ಕೆ ಬಾಗಿದ. ಬಾಗಿಲ ಮರೆಯಲ್ಲಿ ಬಳೆ ಸದ್ದಾಗಿ ನಿಂತಿತು.

ರಾಚವ್ವ ಗಿಂಡಿಯನ್ನು ಬಗ್ಗಿಸಿದಳು. ಆ ಮುದಿ ಕೈ ಆ ಗಳಿಗೆಯಲ್ಲಿ ಎಷ್ಟು ಸ್ಥಿರವಾಗಿತ್ತೆಂದರೆ, ಗಿಂಡಿಯ ಬಾಯಿಗೆ ಒಂದೇ ಒಂದು ಹನಿ ಬಂದು ನಿಂತಿತು. ಅನ್ನದ ಮೇಲೆ ಬಿತ್ತು. ಅವಳು ಗಿಂಡಿಯನ್ನು ನೆಟ್ಟಗೆ ಮಾಡಿಬಿಟ್ಟಳು.

"ಹಾಕ್ರಿ ಯವ್ವಾ. ಕೈ ಹಿಂದ ಐತಿ," ಎಂದರು ಯಜಮಾನರು.

"ಕಂಡೇನ್ರಿ. ಆಷಾಢದಾಗ ಇಷ್ಟ," ಎಂದಳು ರಾಚವ್ವ. "ಶ್ರಾವಣದಾಗ ಬರ್ರಿ. ಇನ್ನೊಂದು ಹನಿ ಹಾಕತೇನಿ."

ಮೊದಲು ನಕ್ಕವನು ಮುದಕಪ್ಪ. "ಏ ಯವ್ವಾ, ನಮ್ಮ ಮನಿ ಎಮ್ಮಿ ಮಾನಾ ಕಳದ್ಯಲ್ಲ," ಎಂದ. ಹಿರಿಯರೂ ನಕ್ಕರು. ಯಜಮಾನರು ಆ ಹನಿ ಬಿದ್ದ ತುತ್ತನ್ನು ಮೊದಲು ಕಲಸಿ ಬಾಯಿಗಿಟ್ಟುಕೊಂಡರು. ಉಳಿದ ಅನ್ನಕ್ಕೆ ಅಗಸಿ ಚಟ್ನಿ ಕೇಳಿ ಹಾಕಿಸಿಕೊಂಡರು. ಲಗ್ನದ ಒಂದು ಮಾತೂ ಯಾರ ಬಾಯಿಂದಲೂ ಬರಲಿಲ್ಲ.

ಶ್ರಾವಣದಲ್ಲಿ ದೇಗಾಂವದ ಮಲಕಾಜಪ್ಪನ ಮನೆಯವರು ಬಂದು ಸಕ್ಕರೆ ಹಂಚಿ ಲಗ್ನ ಗೊತ್ತು ಮಾಡಿದರು. ಇದೆಲ್ಲ ಆಗಿ ಒಂಬತ್ತು ವರ್ಷವಾಯಿತು. ಯಜಮಾನರು ಈಗಲೂ ರಾತ್ರಿಯ ಗುಳಿಗೆ ತಪ್ಪಿಸುವುದಿಲ್ಲ, ದುರ್ಗಪ್ಪ ಈಗಲೂ ವರ್ಷಕ್ಕೆರಡು ಸಲ ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟುತ್ತಾನೆ. ಹುಡುಗಿ ನೋಡಲು ಹೋದ ಮನೆಗಳಲ್ಲಿ ಈಗ ಯಾರೂ ಅವರಿಗೆ ಗಿಂಡಿ ಸುರಿಯುವುದಿಲ್ಲ. ಅವರ ಕೈ ಹಿಂದಕ್ಕೆ ಹೋದರೆ ಒಂದು ಹನಿ ಬೀಳಿಸುತ್ತಾರೆ. ಆ ನಾಲ್ಕೂ ಕಡೆಯ ಹೆಂಗಸರು ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದರೆ, ಒಂದರ ಜಾಗದಲ್ಲಿ ಎರಡು ಬಿದ್ದದ್ದನ್ನು ನಾನು ಕೇಳಿಲ್ಲ.

ಆದರೆ ನನ್ನ ನೆನಪು ಆ ಸಂಜೆಗೇ ಹೋಗಿ ನಿಲ್ಲುತ್ತದೆ. ನಾಲ್ಕರ ಬಸ್ಸು ಹಿಡಿದರೂ ಬೈಲಹೊಂಗಲ ಮುಟ್ಟಲು ಕತ್ತಲಾಗುತ್ತಿತ್ತು. ನಾವು ಹೊರಟಾಗ ರಾಚವ್ವ ಒಳಗೇ ಇದ್ದಳು, ಏನೋ ಕೆಲಸದಲ್ಲಿ. ಬಸ್ಸು ಹತ್ತಿ ಕುಳಿತಿದ್ದೆವು. ಡ್ರೈವರ್ ಗಾಡಿ ಚಾಲೂ ಮಾಡಿದ್ದ. ಆಗ ಶೈಲಜಾ ಕೋಟೆಯ ಕಡೆಯಿಂದ ಓಡುತ್ತ ಬಂದಳು. ಕಿಟಕಿಯ ಹತ್ತಿರ ನಿಂತು ಉಸಿರು ಬಿಟ್ಟುಕೊಂಡಳು. ಹಿರಿಯರ ಮುಖ ನೋಡಲು ನಾಚಿಕೆಯಾಗಿ ನನ್ನನ್ನೇ ನೋಡಿದಳು.

ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿಯೊಂದನ್ನು ಕಿಟಕಿಯೊಳಗಿಂದ ನನ್ನ ಮಡಿಲಲ್ಲಿಟ್ಟಳು. ಇನ್ನೂ ಬಿಸಿ ಇತ್ತು. ಎರಡೇ ರೊಟ್ಟಿ. ಬಟ್ಟೆಯ ಮೇಲೆ ಎಲ್ಲಿಯೂ ಬೆಣ್ಣೆಯ ಕಲೆ ಇರಲಿಲ್ಲ. ಗಂಟಿನ ತುದಿಯಲ್ಲಿ, ನಾನು ಒಲೆಯ ಬಳಿ ಮರೆತು ಬಂದಿದ್ದ ಗುಳಿಗೆಯ ಪಟ್ಟಿಯನ್ನು ಸಿಕ್ಕಿಸಿದ್ದಳು.